ಒಲೆ ಬದಲಾಯಿತು, ಕಿಟಕಿ ತೆರೆಯಲಿಲ್ಲ

"ಗ್ಯಾಸಿನ್ಯಾಗ ಮಾಡಿದ್ದು ಉಂಡ್ರ ಹೊಟ್ಯಾಗ ಗ್ಯಾಸ್ ಆಗ್ತದ." ದೇವದುರ್ಗ, ಮಾನ್ವಿ ಕಡೆಯ ಹಿರಿಯರ ಬಾಯಲ್ಲಿ ಈಗಲೂ ಕೇಳಿಬರುವ ಮಾತು. ಇದನ್ನು ಬೇಗ ಮುಗಿಸಿಬಿಡೋಣ. ಸಿಲಿಂಡರಿನಲ್ಲಿರುವುದು ಪ್ರೋಪೇನ್ ಮತ್ತು ಬ್ಯೂಟೇನ್. ಪಾತ್ರೆಯ ಕೆಳಗೆ ಉರಿದುಹೋಗುವ ಅನಿಲ ಬೇಳೆಯೊಳಗೆ ಇಳಿಯುವುದಿಲ್ಲ. ಹೊಟ್ಟೆ ಉಬ್ಬಿದರೆ ತಪ್ಪು ಒಲೆಯದಲ್ಲ, ಬಹುಶಃ ಬೇಳೆಯದೇ.

ಮೂಗಿನ ಲೆಕ್ಕ ಮಾತ್ರ ಬೇರೆ. ಗ್ಯಾಸ್ ಒಲೆಗೆ ಹೊಗೆಯಿಲ್ಲ, ಹಾಗಾಗಿ ಮಕ್ಕಳಿಗೆ ಏನೂ ಆಗದು ಎಂಬ ನಂಬಿಕೆ ಓದಿದವರಲ್ಲೂ ಇದೆ. ನೀಲಿ ಉರಿ ಕಂಡರೆ ಇಂಧನ ಚೆನ್ನಾಗಿ ಉರಿಯುತ್ತಿದೆ, ಮಸಿ ಕಡಿಮೆ ಎಂದಷ್ಟೇ ಅರ್ಥ. ಅದೇ ಉರಿಯ ಕಾವಿಗೆ ಗಾಳಿಯಲ್ಲಿನ ಸಾರಜನಕ ಆಮ್ಲಜನಕದೊಡನೆ ಕೂಡಿ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಎಷ್ಟೇ ಶುದ್ಧ ಗ್ಯಾಸ್ ತಂದರೂ ಇದು ತಪ್ಪದು. ಕಣ್ಣಿಗೆ ಕಾಣದ ಈ ಅನಿಲ ಶ್ವಾಸನಾಳದ ಒಳಪದರವನ್ನು ಕೆರಳಿಸುತ್ತದೆ. ದಿನದ ಸರಾಸರಿ ಘನಮೀಟರಿಗೆ 25 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಹೊರಗಿನ ಗಾಳಿಗೆ ನಮ್ಮ ದೇಶದ ಮಿತಿ 80. ಇನ್ನು ನಮ್ಮ ಅಡುಗೆಮನೆ ನೋಡಿ: ರೊಟ್ಟಿ ಬಡಿಯುವಾಗ ಉರಿ ಹೊಯ್ದಾಡುತ್ತದೆಂದು ಫ್ಯಾನ್ ಆರಿಸಿ, ಕಿಟಕಿ ಎಳೆದುಕೊಳ್ಳುತ್ತೇವೆ. ರಾಯಚೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಮಗು ಹೋಂವರ್ಕ್ ಮಾಡುವುದೂ ಅದೇ ಒಲೆಯ ಪಕ್ಕ.

"ಹಂಗಾದ್ರ ಕಟಗಿ ಒಲಿನೇ ಚಲೋ ಇತ್ತಲ್ಲ?" ಅಲ್ಲವೇ ಅಲ್ಲ. 47 ದೇಶಗಳ ಐದು ಲಕ್ಷಕ್ಕೂ ಹೆಚ್ಚು ಮಕ್ಕಳ ಮಾಹಿತಿ ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಸ್ತಮಾಕ್ಕೂ ಗ್ಯಾಸಿಗೂ ನಂಟು ಕಾಣಲಿಲ್ಲ, ತೆರೆದ ಬೆಂಕಿಯ ಅಡುಗೆಗೆ ಕಂಡಿತು. ಅದೇ ವರ್ಷ, ಹಳೆಯ ಅಧ್ಯಯನಗಳನ್ನು ಸೇರಿಸಿ ನೋಡಿದ ಇನ್ನೊಂದು ತಂಡ ಗ್ಯಾಸ್ ಒಲೆಯ ಮನೆಯ ಮಕ್ಕಳಲ್ಲಿ ಅಸ್ತಮಾ ಸಾಧ್ಯತೆ ಶೇ. 42ರಷ್ಟು ಹೆಚ್ಚೆಂದಿತು. ಆ ಲೆಕ್ಕದಲ್ಲಿ ಹೋಲಿಕೆ ಬಹುಪಾಲು ವಿದ್ಯುತ್ ಒಲೆಯೊಂದಿಗೆ, ಬಳ್ಳಾರಿ ಜಾಲಿಯ ಹೊಗೆಯೊಂದಿಗಲ್ಲ. ಇದನ್ನು ಬಿಟ್ಟು ಶೇಕಡಾವಾರನ್ನಷ್ಟೇ ವಾಟ್ಸಾಪಿನಲ್ಲಿ ಹಂಚುವುದು ಅನ್ಯಾಯ.

ಬಡ ಮನೆಗಳಿಗೆ ಗ್ಯಾಸ್ ಕೊಡುವ ಉಜ್ವಲಾ ಯೋಜನೆ 2016ರಲ್ಲಿ ಶುರುವಾದ ಮೇಲೆ ಸಿಲಿಂಡರ್ ಹಳ್ಳಿಗೂ ಬಂತು, ನಿಜ. ಆದರೆ ಎಷ್ಟೋ ಮನೆಗಳಲ್ಲಿ ಚಹಾಕ್ಕೆ ಗ್ಯಾಸ್, ರೊಟ್ಟಿಗೂ ಸ್ನಾನದ ನೀರಿಗೂ ಜಾಲಿ ಕಟಗಿ, ಹತ್ತಿ ಕಡ್ಡಿ, ಕುಳ್ಳು. ಅಂಥ ಮನೆಗೆ ಗ್ಯಾಸ್ ಬಂದಿದೆ, ಹೊಗೆ ಹೋಗಿಲ್ಲ. ಭಾರತವೂ (ಇಲ್ಲಿ ಪಕ್ಕದ ತಮಿಳುನಾಡು) ಸೇರಿ ನಾಲ್ಕು ದೇಶಗಳಲ್ಲಿ ಸಂಶೋಧಕರು ಸುಮಾರು 3,200 ಗರ್ಭಿಣಿಯರನ್ನು ಆಯ್ದು, ಅವರಲ್ಲಿ ಅರ್ಧ ಮಂದಿಗೆ ಗ್ಯಾಸ್ ಒಲೆ, ಸಿಲಿಂಡರ್ ಎರಡನ್ನೂ ಉಚಿತವಾಗಿ ಕೊಟ್ಟು ನೋಡಿದರು. ಸೂಕ್ಷ್ಮ ಕಣಗಳು ಬಹಳ ಇಳಿದವು. ಕೂಸುಗಳ ತೀವ್ರ ನ್ಯುಮೋನಿಯಾ ಮಾತ್ರ ಗಮನಾರ್ಹವಾಗಿ ಇಳಿಯಲಿಲ್ಲ ಎಂದು 2024ರಲ್ಲಿ ವರದಿಯಾಯಿತು. ಒಲೆಯೊಂದೇ ಎಲ್ಲವನ್ನೂ ಸರಿಮಾಡದು.

ಇಂಡಕ್ಷನ್ ಒಲೆ ತಂದರೆ ನೈಟ್ರೋಜನ್ ಡೈಆಕ್ಸೈಡ್ ಇಲ್ಲವಾಗುತ್ತದೆ. ಮಿರ್ಚಿ ಕರಿದ ಎಣ್ಣೆಯ ಹೊಗೆ, ಒಗ್ಗರಣೆಯ ಘಾಟು ಅದರಲ್ಲೂ ಏಳುತ್ತವೆ. ಗ್ಯಾಸನ್ನು ಬೈದು ರಾತ್ರಿ ಮಗುವಿನ ತಲೆದೆಸೆಯಲ್ಲಿ ಸೊಳ್ಳೆ ಬತ್ತಿ ಹಚ್ಚುವವರಿಗೂ ಒಂದು ಲೆಕ್ಕ: ಒಂದು ಬತ್ತಿ ಪೂರ್ತಿ ಉರಿದರೆ ಹೊರಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರ ಅಧ್ಯಯನವೊಂದು ಅಳೆದಿದೆ.

ದಮ್ಮು ಹತ್ತಿದ ಮೇಲಿನ ನಂಬಿಕೆಗಳು ಇನ್ನೂ ಅಪಾಯ. "ಪಂಪ್ ಹಚ್ಚಿದ್ರ ಚಟ ಬೀಳ್ತದ, ಗುಳಿಗಿ ಕೊಡ್ರಿ" ಅನ್ನುತ್ತಾರೆ. ಸಾಲ್ಬ್ಯುಟಮಾಲ್ ಇನ್‌ಹೇಲರಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ; 2 ಮಿಲಿಗ್ರಾಂ ಗುಳಿಗೆ ಎಂದರೆ ಅಂಥ ಇಪ್ಪತ್ತು ಒತ್ತು, ಅದೂ ರಕ್ತದ ಮೂಲಕ ಮೈಯೆಲ್ಲ ಸುತ್ತಿ ಶ್ವಾಸಕೋಶ ತಲುಪಬೇಕು. ಮೃಗಶಿರಾಕ್ಕೆ ರೈಲು ಹತ್ತಿ ಹೈದರಾಬಾದಿನ ನಾಂಪಲ್ಲಿಗೆ ಹೋಗಿ ಮೀನಿನ ಮದ್ದು ನುಂಗಿಸುವವರಿಗೂ ಕೊರತೆಯಿಲ್ಲ. ಅದು ಅಸ್ತಮಾ ವಾಸಿಮಾಡುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಹೋಗಿ ಬಂದವರು ಡಾಕ್ಟರು ಬರೆದ ಇನ್‌ಹೇಲರನ್ನು ಮಾತ್ರ ನಿಲ್ಲಿಸಬಾರದು.