ತರಬೇತಿಯ ಹಾಲ್‌ನಿಂದ ತರಗತಿಯ ಚಾಪೆಗೆ

ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಾರವಾರ ಶೈಕ್ಷಣಿಕ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿನ ಪ್ರಾಥಮಿಕ ಶಿಕ್ಷಕರ ಸೇವಾನಿರತ ತರಬೇತಿಗೆ ಮುಖ್ಯ ನೆಲೆ ಕುಮಟಾದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಎಲ್ಲರ ಬಾಯಲ್ಲಿರುವ ಡಯಟ್. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ದೇಶದ ಜಿಲ್ಲೆಗಳಲ್ಲಿ ಇಂಥ ಸಂಸ್ಥೆಗಳು ಹುಟ್ಟಿಕೊಂಡವು. ಡಯಟ್‌ನ ಕೆಳಗೆ ತಾಲ್ಲೂಕಿಗೊಂದು ಬ್ಲಾಕ್ ಸಂಪನ್ಮೂಲ ಕೇಂದ್ರ (ಬಿಆರ್‌ಸಿ), ಅದರ ಕೆಳಗೆ ಅಕ್ಕಪಕ್ಕದ ಕೆಲವು ಶಾಲೆಗಳಿಗೆ ಸೇರಿ ಒಂದು ಕ್ಲಸ್ಟರ್ ಸಂಪನ್ಮೂಲ ಕೇಂದ್ರ (ಸಿಆರ್‌ಸಿ).

ತರಬೇತಿ ಇಳಿದು ಬರುವುದೂ ಇದೇ ಮೆಟ್ಟಿಲುಗಳಲ್ಲಿ. ಬೆಂಗಳೂರಿನಲ್ಲಿ ತಯಾರಾದ ಸಂಪನ್ಮೂಲ ವ್ಯಕ್ತಿಗಳು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ, ಅವರು ಶಿಕ್ಷಕರಿಗೆ ಹೇಳಿಕೊಡುತ್ತಾರೆ. ಮೇಲೆ ದಿನಗಟ್ಟಲೆ ಚರ್ಚೆಯಾದ ವಿಷಯ ಕೆಳಗೆ ಬರುವಷ್ಟರಲ್ಲಿ ಕೆಲವು ಸ್ಲೈಡುಗಳಿಗೆ ಇಳಿದಿರುವುದುಂಟು. 2019ರಲ್ಲಿ ಬಂದ ‘ನಿಷ್ಠಾ’ ತರಬೇತಿ ಕೋವಿಡ್ ಕಾಲದಲ್ಲಿ ‘ದೀಕ್ಷಾ’ ಆ್ಯಪ್‌ಗೆ ವರ್ಗವಾಯಿತು. 2020ರ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆಗಳ ವೃತ್ತಿಕಲಿಕೆಯನ್ನು ನಿರೀಕ್ಷಿಸುತ್ತದೆ. ಗಂಟೆ ಲೆಕ್ಕ ಹಾಕುವುದು ಸುಲಭ, ಪ್ರಮಾಣಪತ್ರವೂ ಮೊಬೈಲ್‌ಗೇ ಬರುತ್ತದೆ. ತರಗತಿಯಲ್ಲಿ ಏನು ಬದಲಾಯಿತು ಎಂಬುದಕ್ಕೆ ಆ ಆ್ಯಪ್‌ನಲ್ಲಿ ಕಾಲಂ ಇಲ್ಲ.

ಬದಲಾವಣೆ ಕಣ್ಣಿಗೆ ಕಾಣುವಂತೆ ಆದದ್ದು ನಲಿ-ಕಲಿಯಲ್ಲಿ. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಮಾದರಿಯನ್ನು ನೋಡಿ ಬಂದು ಕಟ್ಟಿದ ಪದ್ಧತಿಯಿದು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಮಕ್ಕಳು ಗುಂಪು ಸೂಚಿಸುವ ತಟ್ಟೆಗಳ ಸುತ್ತ ಕೂರುತ್ತಾರೆ, ಕಲಿಕಾ ಏಣಿ ನೋಡಿ ತಮ್ಮ ಕಾರ್ಡನ್ನು ತಾವೇ ತಂದುಕೊಳ್ಳುತ್ತಾರೆ. ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿಲ್ಲ. ಮೊದಲು ರ, ಗ, ಸ, ದ, ಅ. ಈ ಐದು ಕೈಗೆ ಬಂದರೆ ಸರ, ಅರಸ, ಅಗಸ, ಗರಗಸ ಎಂದು ಮಗು ಪದಗಳನ್ನೇ ಓದತೊಡಗುತ್ತದೆ. ಹಲಗೆಯ ಮುಂದೆ ನಿಂತು ಇಡೀ ತರಗತಿಗೆ ಒಂದೇ ಪಾಠ ಹೇಳುತ್ತಿದ್ದ ಶಿಕ್ಷಕರು ಚಾಪೆಯ ಮೇಲೆ ಮಕ್ಕಳ ನಡುವೆ ಕೂರಬೇಕಾಯಿತು. ಯಾವ ಉಪನ್ಯಾಸಕ್ಕಿಂತಲೂ ಹೆಚ್ಚು ಕಲಿಸಿದ್ದು ಈ ಜಾಗದ ಬದಲಾವಣೆಯೇ ಇರಬೇಕು. ಅಷ್ಟು ಹತ್ತಿರದಿಂದ ನೋಡಿದಾಗ ಮಗು ಎಲ್ಲಿ ಎಡವುತ್ತಿದೆ ಎಂಬುದು ತಪ್ಪಿಸಿಕೊಳ್ಳುವುದಿಲ್ಲ.

ಗಣಿತದ ಒಂದು ಉದಾಹರಣೆ. 42ರಲ್ಲಿ 17 ಕಳೆದು ಮಗು 35 ಎಂದು ಬರೆಯುತ್ತದೆ. ಕೆಂಪು ಶಾಯಿಯಲ್ಲಿ ತಪ್ಪು ಹಾಕಿದರೆ ಕೆಲಸ ಮುಗಿಯಿತು. ಅದೇ ಮಗು 61ರಲ್ಲಿ 28 ಕಳೆದು 47 ಎಂದಾಗ ಮಾತ್ರ ವಿಷಯ ಬಯಲಾಗುತ್ತದೆ: ಮೇಲಿನದೋ ಕೆಳಗಿನದೋ ನೋಡದೆ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವುದು ಎಂಬ ನಿಯಮವನ್ನು ಮಗು ತಾನೇ ಮಾಡಿಕೊಂಡಿದೆ. ಇನ್ನಷ್ಟು ಲೆಕ್ಕ ಕೊಟ್ಟರೆ ಆ ನಿಯಮ ಗಟ್ಟಿಯಾಗುತ್ತದೆಯೇ ಹೊರತು ಹೋಗುವುದಿಲ್ಲ. ತೆಂಗಿನಗರಿಯ ಕಡ್ಡಿಗಳನ್ನು ಹತ್ತರ ಕಟ್ಟು ಮಾಡಿ, ಒಂದು ಕಟ್ಟು ಬಿಚ್ಚಿ ಬಿಡಿಗಳಿಗೆ ಸೇರಿಸಿ ತೋರಿಸಬೇಕು. ವಿಷಯಜ್ಞಾನ ಬೇರೆ, ಆ ವಿಷಯವನ್ನು ಮಕ್ಕಳು ಹೇಗೆ ಅರ್ಥಮಾಡಿಕೊಳ್ಳುತ್ತಾರೆ ಎಂಬ ಜ್ಞಾನ ಬೇರೆ ಎಂದು ಅಮೆರಿಕದ ಲೀ ಶುಲ್ಮನ್ 1986ರಲ್ಲಿ ವಾದಿಸಿದ್ದು ಇಂಥದ್ದನ್ನೇ. ಕಡ್ಡಿ ಕಟ್ಟು ಬಿಚ್ಚುವ ಶಿಕ್ಷಕಿಗೆ ಶುಲ್ಮನ್ ಹೆಸರು ಗೊತ್ತಿರಬೇಕೆಂದೇನೂ ಇಲ್ಲ.

ಈ ಕರಾವಳಿಯಲ್ಲಿ ಕಲಿಯಬೇಕಾದ್ದು ಇನ್ನೊಂದಿದೆ. ಭಟ್ಕಳದಲ್ಲಿ ಮನೆಮಾತು ನವಾಯತಿಯಾದ ಮಕ್ಕಳಿದ್ದಾರೆ, ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಹೊನ್ನಾವರದ ಖಾರ್ವಿ ಕೇರಿಗಳಲ್ಲಿ ಕೊಂಕಣಿ, ಕುಮಟಾದಲ್ಲಿ ಹಾಲಕ್ಕಿ ಒಕ್ಕಲಿಗರ ಕನ್ನಡ. ಬಯಲುಸೀಮೆಯಿಂದ ಬಂದ ಶಿಕ್ಷಕರಿಗೆ ಮೊದಲ ವರ್ಷ ಮಕ್ಕಳೇ ಮೇಷ್ಟ್ರು. ಕಾರ್ಡಿನ ಮೇಲಿನ ಮೀನಿನ ಚಿತ್ರಕ್ಕೆ ‘ಮೀನು’ ಎಂಬ ಉತ್ತರ ಸಾಲದು. ಅದು ಬಂಗಡೆಯೋ ತಾರ್ಲೆಯೋ ಎಂದು ಜಗಳ ಶುರುವಾಗುತ್ತದೆ. ಅಘನಾಶಿನಿ ಅಳಿವೆಯ ಇಳಿತದಲ್ಲಿ ಬಳಚು ಚಿಪ್ಪು ಹೆಕ್ಕುವ ಮನೆಯ ಮಗುವಿಗೆ, ಮಾಣಿಕಟ್ಟೆಯ ಗಜನಿ ಗದ್ದೆಯಲ್ಲಿ ಉಪ್ಪುನೀರು ತಡೆದುಕೊಂಡು ಬೆಳೆಯುವ ಕಗ್ಗ ಭತ್ತವನ್ನು ಕಂಡ ಮಗುವಿಗೆ ಪರಿಸರ ಅಧ್ಯಯನದ ಅರ್ಧ ಪಾಠ ಮೊದಲೇ ಬಂದಿರುತ್ತದೆ. ಅದನ್ನು ಕೇಳಿ ತಿಳಿದುಕೊಂಡು ಪಾಠ ಅಲ್ಲಿಂದ ಎತ್ತಿಕೊಳ್ಳುವುದೂ ವೃತ್ತಿಕಲಿಕೆಯೇ.

ಇವನ್ನೆಲ್ಲ ಹಂಚಿಕೊಳ್ಳಲು ಇರುವ ಜಾಗ ಸಿಆರ್‌ಸಿಯ ಸಮಾಲೋಚನಾ ಸಭೆ. ಜಪಾನಿನ ಶಿಕ್ಷಕರು ಒಂದು ಪಾಠವನ್ನು ಕೂಡಿ ಯೋಜಿಸಿ, ಒಬ್ಬರು ಕಲಿಸುವಾಗ ಉಳಿದವರು ಕೂತು ನೋಡಿ, ಆಮೇಲೆ ಚರ್ಚಿಸುತ್ತಾರೆ. ಅದಕ್ಕೆ ಇಲ್ಲಿ ತೀರಾ ಹತ್ತಿರದ್ದು ಸಮಾಲೋಚನಾ ಸಭೆಯ ಮಾದರಿ ಪಾಠ. ಮಕ್ಕಳ ನೋಟ್‌ಬುಕ್‌ಗಳನ್ನು ಮುಂದಿಟ್ಟುಕೊಂಡು ಕೂತರೆ ಈ ಸಭೆಯಷ್ಟು ಉಪಯುಕ್ತವಾದ ತರಬೇತಿ ಇನ್ನೊಂದಿಲ್ಲ. ಸುತ್ತೋಲೆ, ಬಿಸಿಯೂಟದ ಲೆಕ್ಕ, ಮಕ್ಕಳ ಮಾಹಿತಿಯ ಎಸ್‌ಎಟಿಎಸ್ ನಮೂದುಗಳೇ ಹೊತ್ತು ನುಂಗಿದರೆ ಅದು ಬರೀ ಇಲಾಖೆಯ ಸಭೆ.

ತರಬೇತಿಗೆ ಹೊತ್ತು ಸಿಗುವುದೂ ಸುಲಭವಲ್ಲ. ಇಬ್ಬರೇ ಇರುವ ಶಾಲೆಯಲ್ಲಿ ಒಬ್ಬರು ತರಬೇತಿಗೆಂದು ಒಒಡಿ (ಅನ್ಯಕಾರ್ಯ ನಿಮಿತ್ತ) ಮೇಲೆ ಹೋದರೆ ಇನ್ನೊಬ್ಬರಿಗೆ ಐದೂ ತರಗತಿ. ಜೂನ್, ಜುಲೈಯಲ್ಲಿ ಮಳೆಯ ರಜೆಗಳು. ತಪ್ಪಿದ ಪಾಠ ತುಂಬಿಸಲು ಶನಿವಾರದ ಮಧ್ಯಾಹ್ನವೂ ಹೋಗುತ್ತದೆ. ಮಳೆ ಹಿಂದಾದ ಮೇಲೆ ತರಬೇತಿ ಇಟ್ಟುಕೊಳ್ಳೋಣವೆಂದರೆ ಅಷ್ಟರಲ್ಲಿ ಪ್ರತಿಭಾ ಕಾರಂಜಿಯೂ ಕ್ರೀಡಾಕೂಟವೂ ಬಂದಿರುತ್ತವೆ.