ಲೋಹದ ಮಳೆ

2016ರ ಅಕ್ಟೋಬರ್ 28. ಷಿಕಾಗೋದ ಓಹೇರ್ ವಿಮಾನ ನಿಲ್ದಾಣ. ಮಯಾಮಿಗೆ ಹೊರಟಿದ್ದ ಅಮೆರಿಕನ್ ಏರ್‌ಲೈನ್ಸ್ ಬೋಯಿಂಗ್ 767 ರನ್‌ವೇಯಲ್ಲಿ ಓಡ್ತಾ ಇದ್ದ ಹಾಗೇ ಬಲಗಡೆ ಎಂಜಿನ್ ಸಿಡಿಯಿತು. ಒಳಗಿದ್ದ ಟರ್ಬೈನ್ ಡಿಸ್ಕ್ ತುಂಡಾಗಿ, ಒಂದು ಚೂರು ಸುಮಾರು 900 ಮೀಟರ್ ದೂರದ ಕಟ್ಟಡದ ಛಾವಣಿ ಸೀಳಿಕೊಂಡು ಒಳಗೆ ಬಿತ್ತು. ವಿಮಾನಕ್ಕೆ ಬೆಂಕಿ. ಪುಣ್ಯಕ್ಕೆ 170 ಜನರೂ ಬದುಕಿದರು.

ಕಾರಣ? ಕಣ್ಣಿಗೆ ಕಾಣದ ಒಂದು ಮಚ್ಚೆ. ಡಿಸ್ಕ್ ಇನ್ಕೊನೆಲ್ 718 ಎಂಬ ನಿಕ್ಕಲ್ ಮಿಶ್ರಲೋಹದ್ದು. ಅದಕ್ಕೆ ಬಲ ಕೊಡೋದು ನಯೋಬಿಯಂ. ಆ ಮಚ್ಚೆಯಲ್ಲಿ ನಯೋಬಿಯಂ ಕಡಿಮೆ ಇತ್ತು, ಜೊತೆಗೆ ಕಸ. ತಯಾರಾದ ದಿನ ಯಾವ ಪರೀಕ್ಷೆಗೂ ಅದು ಸಿಕ್ಕಿರಲಿಲ್ಲ. ಹಾಗಂತ ಯಾರೋ ಬೇಕಾಬಿಟ್ಟಿ ಎರಕ ಹೊಯ್ದಿದ್ದಲ್ಲ ಸ್ವಾಮಿ, ಮೂರು ಸಲ ಕರಗಿಸಿ ಶುದ್ಧ ಮಾಡಿದ ಲೋಹ ಅದು!

ಐಸ್ ಕ್ಯಾಂಡಿ ನೆನಪಿಸಿಕೊಳ್ಳಿ. ಹೊರಗೆ ಬರೀ ಬಿಳಿ ಮಂಜು, ಬಣ್ಣ, ಸಿಹಿ ಎಲ್ಲಾ ನಡುವೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಹಾಗೇ ಆಗೋದು. ಟನ್‌ಗಟ್ಟಲೆ ಲೋಹದ ದಿಮ್ಮಿಯಲ್ಲೂ ಅದೇ ಕಥೆ: ಮೊದಲು ಗಟ್ಟಿಯಾದ ಕಡೆ ನಯೋಬಿಯಂ ಕಡಿಮೆ, ಕೊನೆಗೆ ಗಟ್ಟಿಯಾದ ಕಡೆ ಜಾಸ್ತಿ. ಅಂಚಿನಲ್ಲಿ ಮೊದಲೇ ಗಟ್ಟಿಯಾದ ಚೂರೊಂದು ಕಳಚಿ ದ್ರವಕ್ಕೆ ಬಿದ್ದು, ಕರಗದೆ ಉಳಿದರೆ ಮಚ್ಚೆ.

ಹಾಗಾದ್ರೆ ಹನಿಹನಿಯಾಗಿ ಗಟ್ಟಿ ಮಾಡಿದ್ರೆ? ಇದೇ ಸ್ಪ್ರೇ ಫಾರ್ಮಿಂಗ್. 1970ರ ದಶಕದಲ್ಲಿ ವೇಲ್ಸ್‌ನ ಸ್ವಾನ್‌ಸಿಯಲ್ಲಿ ಪ್ರೊಫೆಸರ್ ಸಿಂಗರ್ ಹಚ್ಚಿದ ದೀಪ, ಪಕ್ಕದ ನೀತ್ ಊರಿನ ಆಸ್ಪ್ರೇ ಕಂಪನಿ ಅದನ್ನು ಬೆಳೆಸಿತು. ಕರಗಿದ ಲೋಹದ ಧಾರೆಗೆ ಆರ್ಗಾನ್ ಅಥವಾ ನೈಟ್ರೋಜನ್ ಅನಿಲವನ್ನು ರಭಸದಿಂದ ಊದ್ತಾರೆ. ಧಾರೆ ಸಣ್ಣ ಸಣ್ಣ ಹನಿಗಳಾಗಿ ಒಡೆದು, ದಾರಿಯಲ್ಲೇ ಅರ್ಧ ಆರಿ, ತಿರುಗುವ ತಟ್ಟೆಯ ಮೇಲೆ ಬಿದ್ದು ಅಂಟಿಕೊಳ್ಳುತ್ತೆ. ಪೂರ್ತಿ ಆರಿದ ಹನಿ ಅಂಟಲ್ಲ, ಪೂರ್ತಿ ನೀರಾದ ಹನಿ ಹರಿದುಹೋಗುತ್ತೆ. ಆ ಹದ ಸಿಗೋದೇ ಕಷ್ಟ. ಸಿಕ್ಕರೆ ಹನಿಯೊಳಗೆ ಧಾತುಗಳು ದೂರ ಸರಿಯೋಕೆ ಸಮಯವೇ ಇರಲ್ಲ.

ಇದನ್ನೇ ಪೌಡರ್ ಮಾಡಿ, ಜರಡಿ ಹಿಡಿದು, ಡಬ್ಬಿಗೆ ತುಂಬಿ, ಬಿಸಿಯಲ್ಲಿ ಒತ್ತಿ ಡಿಸ್ಕ್ ಮಾಡೋ ಪದ್ಧತಿಯೂ ಇದೆ. ಆದರೆ ಪ್ರತಿ ಹೆಜ್ಜೆಯಲ್ಲೂ ಧೂಳು ಸೇರೋ ಭಯ. 2023ರಲ್ಲಿ ಪ್ರ್ಯಾಟ್ ಅಂಡ್ ವಿಟ್ನಿ ಪೌಡರ್ ಲೋಹದಲ್ಲಿ ದೋಷ ಇದೆ ಎಂದು ಎಂಜಿನ್‌ಗಳನ್ನು ತಪಾಸಣೆಗೆ ಕರೆದಾಗ ನಮ್ಮ ಇಂಡಿಗೋದ ಹತ್ತಾರು ವಿಮಾನಗಳು ನೆಲ ಹಿಡಿದವು. ಸ್ಪ್ರೇಯಲ್ಲಿ ಹನಿಯಾಗೋದು, ಕೂಡೋದು ಎರಡೂ ಒಂದೇ ಕೋಣೆಯಲ್ಲಿ.

ಮತ್ಯಾಕೆ ಎಲ್ಲರೂ ಬಳಸ್ತಿಲ್ಲ? ತಟ್ಟೆ ತಪ್ಪಿಸಿಕೊಂಡ ಹನಿಗಳು ದಂಡ. ನಡುವೆ ಅನಿಲದ ಗುಳ್ಳೆ ಉಳಿಯುತ್ತೆ, ಅದನ್ನು ಆಮೇಲೆ ಒತ್ತಿ ಮುಚ್ಚಬೇಕು. ಲೋಹ ಸುರಿಯೋ ಸಿರಾಮಿಕ್ ನಳಿಗೆಯೇ ಸವೆದು ಕಸವಾದರೆ ಮತ್ತೆ ಅದೇ ಮಚ್ಚೆ! ಅದಕ್ಕೇ ಜನರಲ್ ಎಲೆಕ್ಟ್ರಿಕ್‌ನವರು ಸಿರಾಮಿಕ್ ಇಲ್ಲದೆ, ನೀರಿನಿಂದ ತಂಪಾಗಿಸಿದ ತಾಮ್ರದ ದಾರಿಯಲ್ಲಿ ಲೋಹ ಇಳಿಸೋ ಪ್ರಯತ್ನ ಮಾಡಿದರು. ಡಿಸ್ಕ್‌ಗಳು ಬಹುಪಾಲು ಇಂದಿಗೂ ಹಳೆಯ ಎರಡು ದಾರಿಯಲ್ಲೇ ಬರ್ತಿವೆ. ನನ್ನ ಲೆಕ್ಕದಲ್ಲಿ ಅದು ಸೋಮಾರಿತನವಲ್ಲ. ಹಳೆಯ ದಾರಿಯ ದೋಷ ಎಲ್ಲಿ ಅಡಗುತ್ತೆ ಅಂತ ಇನ್‌ಸ್ಪೆಕ್ಟರ್‌ಗೆ ಗೊತ್ತು, ಹೊಸದರದ್ದು ಇನ್ನೂ ಕಲಿಯಬೇಕು.