ಕನ್ವರ್ಟಿಬಲ್ ಕಾರಿಗೆ ತಗ್ಗು ಸ್ಪ್ರಿಂಗ್: ಸುಖಪ್ರಯಾಣಕ್ಕೆ ಧಕ್ಕೆಯಾಗದ ಆಯ್ಕೆ

ಕಾರಿನ ಎತ್ತರವನ್ನು ತಗ್ಗಿಸುವ ಸ್ಪ್ರಿಂಗ್‌ಗಳನ್ನು ಮಾರುವ ವರ್ತಕರಿಗೆ ಮರಳಿ ಬರುವ ದೂರು ಸಾಮಾನ್ಯವಾಗಿ ಒಂದೇ ಬಗೆಯದು: ಕಾರು ನೋಡಲು ಅಂದವಾಗಿದೆ, ಆದರೆ ಅದರಲ್ಲಿ ಕುಳಿತು ಹೋಗಲಾಗುತ್ತಿಲ್ಲ. ಮೇಲ್ಛಾವಣಿ ಮಡಚುವ ಕನ್ವರ್ಟಿಬಲ್ ಕಾರುಗಳಲ್ಲಿ ಈ ದೂರು ಇನ್ನಷ್ಟು ತೀವ್ರವಾಗಿರುತ್ತದೆ. ಗ್ರಾಹಕನು ಸ್ಪ್ರಿಂಗಿನ ಗಡಸುತನವನ್ನು ದೂರುತ್ತಾನೆ. ನಿಜವಾದ ದೋಷವಾದರೋ ಬಹುಮಟ್ಟಿಗೆ ಬೇರೆಡೆ ಇರುತ್ತದೆ.

1989ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಅನಾವರಣಗೊಂಡ ಜಪಾನಿನ ಮಜ್ದಾ ಎಂಎಕ್ಸ್-5 ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇಬ್ಬರಷ್ಟೇ ಕೂರಬಲ್ಲ ಈ ಹಗುರ ಕಾರಿನ ನಾಲ್ಕೂ ಚಕ್ರಗಳಿಗೆ ಆಗ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಇತ್ತು. 2016ರ ವೇಳೆಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದ ಕಾರಣ, ಇದರ ಬಿಡಿಭಾಗಗಳದ್ದೇ ಒಂದು ಪ್ರತ್ಯೇಕ ವ್ಯಾಪಾರವಾಗಿ ಬೆಳೆದಿದೆ.

ಚಕ್ರವು ಮೇಲಕ್ಕೆ ಚಲಿಸಿ ಬಂಪ್ ಸ್ಟಾಪ್ ಎಂಬ ರಬ್ಬರ್ ತಡೆಯನ್ನು ಮುಟ್ಟುವವರೆಗೆ ಇರುವ ಅವಕಾಶವೇ ಸುಖಪ್ರಯಾಣದ ಬಂಡವಾಳ. ಅದು 60 ಮಿ.ಮೀ. ಎಂದಿಟ್ಟುಕೊಳ್ಳೋಣ. ಕಾರನ್ನು 30 ಮಿ.ಮೀ. ತಗ್ಗಿಸಿದರೆ ಉಳಿಯುವುದು ಅರ್ಧ. ಸ್ಪ್ರಿಂಗ್ ನುಂಗಿಕೊಳ್ಳುವ ಶಕ್ತಿಯು ಚಲನೆಯ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಮೊದಲಿನಷ್ಟೇ ಪೆಟ್ಟನ್ನು ಅರ್ಧ ಚಲನೆಯಲ್ಲಿ ತಡೆಯಲು ನಾಲ್ಕು ಪಟ್ಟು ಗಡುಸಾದ ಸ್ಪ್ರಿಂಗ್ ಬೇಕಾಗುತ್ತದೆ. ಅಷ್ಟು ಗಡುಸಾದುದನ್ನು ರಸ್ತೆಯ ಕಾರಿಗೆ ಯಾರೂ ಹಾಕುವುದಿಲ್ಲ, ಶೇ. 20-30ರಷ್ಟು ಮಾತ್ರ ಹೆಚ್ಚಿಸುತ್ತಾರೆ. ಉಳಿದ ಪೆಟ್ಟು ರಬ್ಬರ್ ತಡೆಗೆ ಬೀಳುತ್ತದೆ, ಗ್ರಾಹಕನ ಬೆನ್ನಿಗೆ ತಟ್ಟುವುದು ಅದೇ. ಇದೇ ಕಾರನ್ನು 10 ಮಿ.ಮೀ. ಮಾತ್ರ ತಗ್ಗಿಸಿದರೆ ಗಡಸುತನ ಶೇ. 44ರಷ್ಟು ಹೆಚ್ಚಿದರೆ ಸಾಕು. ಆದುದರಿಂದ ಗ್ರಾಹಕನು ಎಷ್ಟು ತಗ್ಗಿಸಬೇಕೆಂದು ಕೇಳಿದಾಗ, ಮೊದಲು ಚಲನೆ ಎಷ್ಟು ಉಳಿದಿದೆ ಎಂಬುದನ್ನು ಅಳೆದು ನೋಡುವುದು ಲೇಸು.

ಗಡಸುತನವೂ ಅಲಕ್ಷಿಸುವಂಥದ್ದಲ್ಲ ನಿಜ. ಒಂದು ಚಕ್ರದ ಮೇಲೆ 220 ಕಿ.ಗ್ರಾಂ. ಭಾರವಿದ್ದು, ಚಕ್ರದ ಬಳಿ ಲೆಕ್ಕ ಹಾಕಿದ ಗಡಸುತನ ಮಿ.ಮೀ.ಗೆ 22 ನ್ಯೂಟನ್ ಆಗಿದ್ದರೆ ಕಾರು ಸೆಕೆಂಡಿಗೆ ಸುಮಾರು 1.6 ಬಾರಿ ತೂಗುತ್ತದೆ. ಗಡಸುತನವನ್ನು ಶೇ. 30ರಷ್ಟು ಏರಿಸಿದರೆ ಅದು ಸುಮಾರು 1.8 ಆಗುತ್ತದೆ. ಇದು ಸಹಿಸಬಹುದಾದ ಏರಿಕೆಯೇ. ಆದರೆ ಹಳೆಯ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಂಡರೆ ಅದರ ನಿಯಂತ್ರಣ ಈ ಹೊಸ ಸ್ಪ್ರಿಂಗಿಗೆ ಹೋಲಿಸಿದಾಗ ಶೇ. 12ರಷ್ಟು ಕುಂದುತ್ತದೆ, ಅದು ಸವೆದದ್ದಾಗಿದ್ದರಂತೂ ಪ್ರತಿ ಉಬ್ಬಿನ ನಂತರವೂ ಕಾರು ಕುಣಿಯುತ್ತದೆ. ಸ್ಪ್ರಿಂಗ್ ಅಗ್ಗವೆಂದು ಕೊಂಡವರು ಕೊನೆಗೆ ಶಾಕ್ ಅಬ್ಸಾರ್ಬರಿಗೂ ಹಣ ತೆರುವುದು ಇದೇ ಕಾರಣದಿಂದ.

ಕನ್ವರ್ಟಿಬಲ್‌ನ ವಿಶೇಷ ತೊಡಕು ಛಾವಣಿಯಿಲ್ಲದ ದೇಹದ್ದು. ಉಕ್ಕಿನ ಛಾವಣಿಯು ಕಾರಿನ ಪೆಟ್ಟಿಗೆಯನ್ನು ಮುಚ್ಚಿ ಬಿಗಿಗೊಳಿಸುತ್ತದೆ. ಅದನ್ನು ತೆಗೆದರೆ, ಮುಚ್ಚಳ ತೆಗೆದ ರಟ್ಟಿನ ಡಬ್ಬಿಯಂತೆ, ದೇಹ ತಿರುಚಿಕೊಳ್ಳಲು ಆಸ್ಪದವಾಗುತ್ತದೆ. ಗಡಸು ಸ್ಪ್ರಿಂಗ್ ದಾಟಿಸುವ ಹೊಡೆತಗಳು ಮುಂಗಾಜಿನ ಚೌಕಟ್ಟು, ಕನ್ನಡಿ, ಸ್ಟೀರಿಂಗ್‌ಗಳಲ್ಲಿ ನಡುಕವಾಗಿ ಕಾಣಿಸುತ್ತವೆ. ಆದಕಾರಣ, ಅದೇ ಮಾದರಿಯ ಛಾವಣಿಯುಳ್ಳ ಕಾರಿಗೆ ಒಪ್ಪಿದ ಸ್ಪ್ರಿಂಗನ್ನು ಕನ್ವರ್ಟಿಬಲ್‌ಗೂ ಒಪ್ಪುವುದೆಂದು ಮಾರುವುದು ಸರಿಯಲ್ಲ. ದೇಹಕ್ಕೆ ಬಿಗಿಪಟ್ಟಿ ಹಾಕಿಸುವುದರಿಂದ ನಡುಕ ಕಡಿಮೆಯಾಗುವುದುಂಟು.

ಸ್ಪ್ರಿಂಗ್ ತಯಾರಿಸುವವರಿಗೆ ಒಂದು ಮಾತು. ಗಡಸುತನವು ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. 12 ಮಿ.ಮೀ. ತಂತಿಯ ಬದಲು 12.5 ಮಿ.ಮೀ. ಬಳಸಿದರೆ ಗಡಸುತನ ಶೇ. 18ರ ಹತ್ತಿರ ಏರಿಬಿಡುತ್ತದೆ. ಹೀಗಾಗಿ ತಂತಿಯ ಖರೀದಿಯಲ್ಲಿ ಅಳತೆಯ ಶಿಸ್ತು ಅನಿವಾರ್ಯ. ಮೂಲ ಸ್ಪ್ರಿಂಗಿನ ಸುರುಳಿಯನ್ನೇ ಕತ್ತರಿಸಿ ತಗ್ಗಿಸುವ ಅಡ್ಡದಾರಿಯೂ ರೂಢಿಯಲ್ಲಿದೆ. ಎಂಟು ಸುರುಳಿಗಳಲ್ಲಿ ಒಂದನ್ನು ತೆಗೆದರೆ ಗಡಸುತನ ಶೇ. 14ರಷ್ಟು ಮಾತ್ರ ಹೆಚ್ಚುತ್ತದೆ. ಆದರೆ ಕತ್ತರಿಸಿದ ತುದಿ ಪೀಠದಲ್ಲಿ ಸರಿಯಾಗಿ ಕೂರದು, ಚಕ್ರ ಪೂರ್ತಿ ಕೆಳಗಿಳಿದಾಗ ಸ್ಪ್ರಿಂಗ್ ಸಡಿಲವಾಗಿ ಜಾರಲೂಬಹುದು. ಇಂಥದನ್ನು ಯಾವ ಬೆಲೆಗೂ ಮಾರಬಾರದು.

ಜೋಡಣೆಯಲ್ಲಿ ಎರಡು ಸಂಗತಿಗಳು ಮುಖ್ಯ. ವಿಶ್‌ಬೋನ್‌ಗಳ ರಬ್ಬರ್ ಬುಷ್ ಬೋಲ್ಟುಗಳನ್ನು ಸಡಿಲಿಸಿ, ಕಾರು ತನ್ನ ಹೊಸ ಎತ್ತರದಲ್ಲಿ ನೆಲದ ಮೇಲೆ ನಿಂತ ನಂತರವೇ ಬಿಗಿಯಬೇಕು. ಇಲ್ಲವಾದರೆ ತಿರುಚಿಕೊಂಡ ರಬ್ಬರ್ ತಾನೇ ಇನ್ನೊಂದು ಸ್ಪ್ರಿಂಗಿನಂತೆ ವರ್ತಿಸಿ ಬೇಗ ಹರಿದುಹೋಗುತ್ತದೆ. ಬಳಿಕ ವ್ಹೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರಿನ ಒಳಅಂಚು ಸವೆಯುತ್ತದೆ.

ಜರ್ಮನಿಯಲ್ಲಿ ಇಂತಹ ಸ್ಪ್ರಿಂಗ್‌ಗಳನ್ನು ತಾಂತ್ರಿಕ ಪ್ರಮಾಣಪತ್ರದೊಡನೆ ಮಾರುತ್ತಾರೆ. ಜೋಡಿಸಿದ ನಂತರ ಅಧಿಕೃತ ತಪಾಸಣೆಯನ್ನೂ ಮಾಡಿಸಬೇಕಾಗುತ್ತದೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕನ ಮೂಲ ವಿವರಗಳಿಗಿಂತ ಭಿನ್ನವಾಗುವಂತಹ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಹೊರದೇಶದ ಮಾರುಕಟ್ಟೆಗಾಗಿ ತಯಾರಿಸುವ ಉದ್ದಿಮೆದಾರರು ಆಯಾ ದೇಶದ ಪ್ರಮಾಣಪತ್ರದ ವೆಚ್ಚವನ್ನು ದರಪಟ್ಟಿ ಕಳುಹಿಸುವ ಮುನ್ನವೇ ಸೇರಿಸಿಕೊಳ್ಳಬೇಕು. ಇಲ್ಲಿಯ ಗ್ರಾಹಕರಿಗೆ ಮಾರುವವರು ಸಾರಿಗೆ ಕಚೇರಿಯ ನಿಯಮವನ್ನು ಬಿಲ್ ಬರೆಯುವ ಮೊದಲೇ ತಿಳಿಸಬೇಕು.